ಫಿಲಡೆಲ್ಫಿಯಾಕ್ಕೆ ಬರೆದ ಅರ್ಜಿ: ಡಾ. ಆನಂದಿಬಾಯಿ ಜೋಶಿಯವರ ಜೀವನ ಪಯಣ

1883ರ ಜೂನ್ 28. ಅಮೆರಿಕದ ನ್ಯೂಜೆರ್ಸಿ ರಾಜ್ಯದ ರೊಸೆಲ್ ಎಂಬ ಊರಿನಲ್ಲಿ ಹದಿನೆಂಟು ವರ್ಷದ ಭಾರತೀಯ ಯುವತಿಯೊಬ್ಬಳು ಒಂದು ಪತ್ರ ಬರೆದಳು. ಅದು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿಗೆ ಪ್ರವೇಶ ಕೋರಿ ಬರೆದ ಅರ್ಜಿ. ಅದರೊಡನೆ ಇರಿಸಲು ಆಕೆಯ ಬಳಿ ಯಾವ ವಿಶ್ವವಿದ್ಯಾಲಯದ ಪ್ರಮಾಣಪತ್ರವೂ ಇರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಯನ್ನೂ ಆಕೆ ಬರೆದಿರಲಿಲ್ಲ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮನೆಯಲ್ಲೇ, ಗಂಡನ ಮೇಲ್ವಿಚಾರಣೆಯಲ್ಲಿ. ನ್ಯೂಯಾರ್ಕ್ ಬಂದರಿನಲ್ಲಿ ಇಳಿದು ಆಗ ಇನ್ನೂ ನಾಲ್ಕು ವಾರವೂ ತುಂಬಿರಲಿಲ್ಲ.

ಇಂದು ಅಮೆರಿಕದ ಪ್ರತಿಷ್ಠಿತ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ವಿದೇಶಿ ವಿದ್ಯಾರ್ಥಿಗೆ ಅಂಕಪಟ್ಟಿ, ಭಾಷಾ ಪರೀಕ್ಷೆ, ಶಿಫಾರಸು ಪತ್ರ, ಹಣಕಾಸಿನ ದಾಖಲೆ, ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕಾದ ಪ್ರಬಂಧ, ಎಲ್ಲವೂ ಬೇಕು. ನೂರ ನಲವತ್ತು ವರ್ಷಗಳ ಹಿಂದೆ ಆ ಯುವತಿಯ ಬಳಿ ಇದ್ದದ್ದು ಇವುಗಳಲ್ಲಿ ಕೊನೆಯದು ಮಾತ್ರ. ತಾನು ಯಾರು, ಏಕೆ ಬಂದೆ, ಕಲಿತು ಏನು ಮಾಡುವೆ ಎಂಬುದನ್ನು ಆಕೆ ಅಪರಿಚಿತರಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸಬೇಕಿತ್ತು. ಬರೆದರು, ಸೀಟು ಸಿಕ್ಕಿತು. ಮೂರು ವರ್ಷಗಳಲ್ಲಿ ಡಾ. ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಪದವಿ ಕೈಗೆ ಬಂದ ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡರು.

ಅವರ ಹೆಸರು ಶಾಲಾ ಪಠ್ಯಗಳಲ್ಲಿ, ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಒಂದಲ್ಲ, ಎರಡು ಅರ್ಜಿಗಳ ಕಥೆಯಿದೆ. ಮೊದಲನೆಯದು ವಿಫಲವಾಯಿತು, ಎರಡನೆಯದು ಫಲಿಸಿತು. ಮೊದಲನೆಯದನ್ನು ಬರೆದವರು ಅವರ ಪತಿ. ಎರಡನೆಯದನ್ನು ಬರೆದವರು ಸ್ವತಃ ಆನಂದಿಬಾಯಿ.

ಕಲ್ಯಾಣದ ಯಮುನೆ

ಆನಂದಿಬಾಯಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ಮುಂಬಯಿಯ ಸಮೀಪದ ಕಲ್ಯಾಣದಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಕುಟುಂಬ ಅವರದು. ಒಂದು ಕಾಲಕ್ಕೆ ಜಮೀನು, ವಾಡೆ ಎಲ್ಲವೂ ಇದ್ದ ಮನೆತನ. ಆಕೆ ಹುಟ್ಟುವ ವೇಳೆಗೆ ಆ ವೈಭವ ಕರಗಿತ್ತು. ಹೆತ್ತವರು ಮಗಳಿಗೆ ಇಟ್ಟ ಹೆಸರು ಯಮುನಾ.

ಒಂಬತ್ತು ವರ್ಷ ತುಂಬಿದ ಯಮುನೆಯನ್ನು ಗೋಪಾಲರಾವ್ ಜೋಶಿ ಎಂಬ ವಿಧುರನಿಗೆ ಮದುವೆ ಮಾಡಿಕೊಟ್ಟರು. ಅವರು ಅಂಚೆ ಇಲಾಖೆಯ ಗುಮಾಸ್ತರು. ವಯಸ್ಸಿನಲ್ಲಿ ವಧುವಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು. ಮದುವೆಯ ನಂತರ ಹೆಂಡತಿಯ ಹೆಸರು ಬದಲಾಯಿಸುವ ಅಂದಿನ ರೂಢಿಯಂತೆ ಯಮುನೆ ಆನಂದಿಯಾದಳು.

ಗೋಪಾಲರಾವ್ ಅಂದಿನ ಮಟ್ಟಿಗೆ ವಿಚಿತ್ರ ಮನುಷ್ಯ. ಹೆಣ್ಣುಮಕ್ಕಳ ಓದಿನ ಬಗ್ಗೆ ಅವರಿಗೆ ಹಟವಿತ್ತು. ಹೆಂಡತಿಯನ್ನು ಓದಿಸುವುದೇ ಬದುಕಿನ ಗುರಿ ಎಂಬಂತೆ ನಡೆದುಕೊಂಡರು. ಅಡುಗೆಮನೆಯ ಕೆಲಸಕ್ಕಾಗಿ ಪಾಠ ಬಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ಸುತ್ತಲಿನ ಮನೆಗಳಲ್ಲಿ ಓದಲು ಕುಳಿತ ಹೆಂಡತಿಯನ್ನು ಗಂಡ ಹೊಡೆಯುವ ಕಾಲದಲ್ಲಿ ಇವರು ಓದದ ಹೆಂಡತಿಯನ್ನು ಹೊಡೆಯುತ್ತಿದ್ದರು. ಮರದ ತುಂಡು, ಕುರ್ಚಿ, ಕೈಗೆ ಸಿಕ್ಕಿದ್ದು ಬಾಲಕಿಯ ಮೇಲೆ ಬೀಳುತ್ತಿತ್ತು. ಬಿಟ್ಟುಹೋಗುವೆನೆಂಬ ಬೆದರಿಕೆಯೂ ಇತ್ತು. ಮುಂದೆ ಅಮೆರಿಕದಿಂದ ಪತಿಗೆ ಬರೆದ ಒಂದು ಪತ್ರದಲ್ಲಿ ಆನಂದಿಬಾಯಿ ಇವುಗಳನ್ನು ಒಂದೊಂದಾಗಿ, ತನ್ನ ಆಗಿನ ವಯಸ್ಸಿನೊಡನೆ ನೆನಪಿಸಿದ್ದಾರೆ. ತನ್ನ ಮೇಲಿನ ಆ ವರ್ತನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ತಾವೇ ಎತ್ತಿಕೊಂಡು ತೂಗಿದ್ದಾರೆ. ಓದು ತನಗೆ ದಕ್ಕಿದ್ದು ಆತನಿಂದಲೇ ಎಂಬ ಕೃತಜ್ಞತೆಯೂ ಆ ಪತ್ರಗಳಲ್ಲಿದೆ. ಈ ದಾಂಪತ್ಯವನ್ನು ಬರೀ ಆದರ್ಶವೆಂದು ಹೊಗಳಿದವರೂ ಬರೀ ಕ್ರೌರ್ಯವೆಂದು ತಳ್ಳಿಹಾಕಿದವರೂ ಅವರ ಬದುಕಿನ ಅರ್ಧವನ್ನಷ್ಟೇ ಕಂಡಿದ್ದಾರೆ.

ಹತ್ತು ದಿನ ಬದುಕಿದ ಮಗು

ಅಂಚೆ ಇಲಾಖೆಯ ವರ್ಗಾವಣೆ ದಂಪತಿಗಳನ್ನು ಊರಿಂದೂರಿಗೆ ಅಟ್ಟಿತು. ಅಲಿಬಾಗ್, ಕೊಲ್ಹಾಪುರ, ಮುಂಬಯಿ, ಕಚ್ಛ್‌ನ ಭುಜ್, ಕೊನೆಗೆ ಕಲ್ಕತ್ತಾ. ಹೋದಲ್ಲೆಲ್ಲ ಆನಂದಿಬಾಯಿಯ ಓದು ಮುಂದುವರಿಯಿತು. ಮರಾಠಿಯ ಜೊತೆಗೆ ಸಂಸ್ಕೃತ, ನಂತರ ಇಂಗ್ಲಿಷ್.

ಹದಿನಾಲ್ಕನೇ ವಯಸ್ಸಿನಲ್ಲಿ ಅವರು ಗಂಡು ಮಗುವಿಗೆ ಜನ್ಮವಿತ್ತರು. ಬೇಕಾದ ವೈದ್ಯಕೀಯ ಆರೈಕೆ ಸಿಗದೆ ಮಗು ಹತ್ತೇ ದಿನಗಳಲ್ಲಿ ತೀರಿಕೊಂಡಿತು. ಅಂದಿನ ಹೆಣ್ಣುಮಕ್ಕಳಿಗೆ ಇದು ಅಪರೂಪದ ಸಂಗತಿಯಲ್ಲ. ಹೆರಿಗೆ ಎಂದರೆ ಸೂಲಗಿತ್ತಿಯ ಕೈಗುಣ, ದೇವರ ದಯೆ. ವೈದ್ಯರೆಂದರೆ ಗಂಡಸರು. ಮೇಲ್ಜಾತಿಯ ಮನೆಯ ಹೆಣ್ಣು ಪರಪುರುಷನೆದುರು ದೇಹದ ನೋವನ್ನು ಹೇಳಿಕೊಳ್ಳುವುದಕ್ಕಿಂತ ಸಾವೇ ಲೇಸೆಂದು ಭಾವಿಸುತ್ತಿದ್ದ ಕಾಲ. ಆನಂದಿಬಾಯಿಯ ಮನಸ್ಸು ವೈದ್ಯ ವಿದ್ಯೆಯ ಕಡೆಗೆ ತಿರುಗಿದ್ದು ಈ ಸಾವಿನಿಂದ. ಮುಂದೆ ಅವರು ಹೇಳಿದ ಮಾತು, ಬರೆದ ಅರ್ಜಿ, ಪದವಿಗಾಗಿ ಆರಿಸಿಕೊಂಡ ಪ್ರಬಂಧದ ವಿಷಯ, ಎಲ್ಲವೂ ಈ ನೋವಿನ ಸುತ್ತಲೇ ಇವೆ.

ಮೊದಲ ಅರ್ಜಿ

ಕರ್ನಾಟಕದ ಗಡಿಗೆ ಹತ್ತಿರದ ಕೊಲ್ಹಾಪುರದಲ್ಲಿದ್ದಾಗ ಗೋಪಾಲರಾವ್‌ಗೆ ಅಮೆರಿಕದ ಮಿಷನರಿಗಳ ಪರಿಚಯವಾಯಿತು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಬೇಕೆಂಬ ಆಸೆ ಮೊಳೆಯಿತು. ಕೊಲ್ಹಾಪುರದಲ್ಲಿ ಬಹುಕಾಲ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದ್ದ ರಾಯಲ್ ವೈಲ್ಡರ್ ಎಂಬ ಪಾದ್ರಿಗೆ 1878ರ ಸುಮಾರಿಗೆ ಅವರು ಪತ್ರ ಬರೆದರು. ಹೆಂಡತಿಗೆ ಅಲ್ಲಿ ವಿದ್ಯಾಭ್ಯಾಸದ ಅವಕಾಶ, ತಮಗೊಂದು ಉದ್ಯೋಗ, ಇಬ್ಬರಿಗೂ ಆಸರೆ. ಇದು ಅವರ ಕೋರಿಕೆ.

ವೈಲ್ಡರ್ ಪ್ರಿನ್ಸ್‌ಟನ್‌ನಿಂದ ಮಿಷನರಿ ರಿವ್ಯೂ ಎಂಬ ಪತ್ರಿಕೆ ನಡೆಸುತ್ತಿದ್ದರು. ಗೋಪಾಲರಾವ್ ಪತ್ರವನ್ನೂ ತಮ್ಮ ಉತ್ತರವನ್ನೂ ಅದರಲ್ಲಿ ಅಚ್ಚು ಹಾಕಿದರು. ದಂಪತಿಗಳು ಕ್ರೈಸ್ತ ಧರ್ಮ ಸ್ವೀಕರಿಸುವುದಾದರೆ ನೆರವು ಸಿಗಬಹುದೆಂಬುದು ಆ ಉತ್ತರದ ಸಾರ. ಜೋಶಿ ದಂಪತಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅರ್ಜಿ ಅಲ್ಲಿಗೇ ನಿಂತಿತು.

ಆ ಅರ್ಜಿಯಲ್ಲಿ ಓದಬೇಕಾದವಳ ದನಿ ಇರಲಿಲ್ಲ. ಗಂಡ ಹೆಂಡತಿಗಾಗಿ ಕೇಳಿದ್ದರು, ಜೊತೆಗೆ ತನಗಾಗಿಯೂ ಕೇಳಿದ್ದರು. ಕೊಡುವವರು ತಮ್ಮದೊಂದು ಷರತ್ತು ಮುಂದಿಟ್ಟರು. ಕಲಿಯುವವಳಿಗೆ ಏನು ಬೇಕೆಂದು ಯಾರೂ ವಿಚಾರಿಸಲಿಲ್ಲ.

ದಂತವೈದ್ಯರ ಬಾಗಿಲಲ್ಲಿ

ಕೈಬಿಟ್ಟುಹೋದ ಆ ಅರ್ಜಿಯನ್ನು ಆಕಸ್ಮಿಕವೊಂದು ಮತ್ತೆ ಬದುಕಿಸಿತು. ರೊಸೆಲ್‌ನ ಗೃಹಿಣಿ ಥಿಯೊಡಿಷಿಯಾ ಕಾರ್ಪೆಂಟರ್ ಹಲ್ಲಿನ ವೈದ್ಯರಲ್ಲಿ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಅಲ್ಲಿದ್ದ ಮಿಷನರಿ ರಿವ್ಯೂ ಸಂಚಿಕೆಯನ್ನು ತಿರುವಿಹಾಕಿದರು. ಗಂಡನೊಬ್ಬ ಹೆಂಡತಿಯ ಓದಿಗಾಗಿ ಭೂಮಿಯ ಇನ್ನೊಂದು ಬದಿಯಿಂದ ಬರೆದ ಪತ್ರ, ಅದಕ್ಕೆ ಬಂದ ಷರತ್ತಿನ ಉತ್ತರ, ಎರಡೂ ಅವರ ಮನಸ್ಸನ್ನು ಕಲಕಿದವು. ಮನೆಗೆ ಮರಳಿದ ಮೇಲೆ ಆನಂದಿಬಾಯಿಗೆ ಪತ್ರ ಬರೆದರು. ಮತಾಂತರದ ಮಾತು ಅದರಲ್ಲಿ ಇರಲಿಲ್ಲ.

ಹೀಗೆ ಆರಂಭವಾದ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. ಆನಂದಿಬಾಯಿ ಈಗ ತಾವೇ ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಹಿಂದೂ ಮನೆಗಳ ಆಚಾರ, ಹಬ್ಬ, ಬಾಲ್ಯವಿವಾಹ, ಹೆಂಗಸರ ಆರೋಗ್ಯ, ಅಮೆರಿಕದ ಬದುಕು, ಎಲ್ಲವೂ ಆ ಪತ್ರಗಳಲ್ಲಿ ಬಂದವು. ಕಾರ್ಪೆಂಟರ್ ಅವರಿಗೆ ಚಿಕ್ಕಮ್ಮನಂತಾದರು. ಇಂದು ವಿದೇಶದಲ್ಲಿ ಓದಬಯಸುವವರು ಹಣ ತೆತ್ತು ಪಡೆಯುವ ಸಲಹೆ, ಭಾಷೆಯ ತಿದ್ದುಪಡಿ, ಪರಸ್ಥಳದ ಪರಿಚಯ, ಇಷ್ಟನ್ನೂ ಆನಂದಿಬಾಯಿ ಈ ಸ್ನೇಹದಿಂದ ಪಡೆದರು.

ಆದರೆ ದೇಹ ಆಗಲೇ ಸೋಲತೊಡಗಿತ್ತು. ಕಲ್ಕತ್ತೆಯಲ್ಲಿ ತಲೆನೋವು, ಆಗಾಗ ಜ್ವರ, ನಿಶ್ಶಕ್ತಿ, ಕೆಲವೊಮ್ಮೆ ಏದುಸಿರು. ಕಾರ್ಪೆಂಟರ್ ಅಮೆರಿಕದಿಂದ ಔಷಧಿ ಕಳುಹಿಸಿದರೂ ಗುಣ ಕಾಣಲಿಲ್ಲ. ಮುಂದಿನ ನಾಲ್ಕು ವರ್ಷಗಳ ಕಥೆಯನ್ನು ಓದುವಾಗ ಇದನ್ನು ಮರೆಯುವಂತಿಲ್ಲ.

ಶ್ರೀರಾಂಪುರದ ಸಭೆ

1883ರಲ್ಲಿ ಗೋಪಾಲರಾವ್‌ಗೆ ಬಂಗಾಳದ ಶ್ರೀರಾಂಪುರಕ್ಕೆ ವರ್ಗವಾಯಿತು. ಇಬ್ಬರೂ ಹೋಗುವಷ್ಟು ಹಣವಿಲ್ಲ, ಅವರ ತಾಯಿ ಮತ್ತು ತಮ್ಮಂದಿರ ಹೊಣೆ ಬೇರೆ ಇತ್ತು. ಹೆಂಡತಿಯೊಬ್ಬಳನ್ನೇ ಕಳುಹಿಸುವುದೆಂದು ತೀರ್ಮಾನವಾಯಿತು. ಪರಿಚಯದ ವೈದ್ಯ ದಂಪತಿಗಳು ಸೂಚಿಸಿದ್ದು ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು.

ಸುದ್ದಿ ಹಬ್ಬಿದ ಕೂಡಲೇ ಟೀಕೆಯ ಮಳೆ ಸುರಿಯಿತು. ಸಂಪ್ರದಾಯಸ್ಥರಿಗೆ ಸಮುದ್ರ ದಾಟುವುದೇ ಪಾಪ, ಅದರಲ್ಲೂ ಗಂಡನಿಲ್ಲದೆ ಹೆಣ್ಣೊಬ್ಬಳು ಹೊರಡುವುದು ಊಹೆಗೂ ಮೀರಿದ್ದು. ಅವರಿಗೆ ಸಹಾಯ ಮಾಡಬಹುದಾಗಿದ್ದ ಕೆಲವು ಕ್ರೈಸ್ತರಿಗೆ ಆಕೆ ಮತ ಬದಲಿಸದೆ ಹೋಗುತ್ತಿರುವುದು ಅಸಮಾಧಾನ. 1883ರ ಫೆಬ್ರವರಿ 24ರಂದು ಆನಂದಿಬಾಯಿ ಶ್ರೀರಾಂಪುರ ಕಾಲೇಜಿನ ಸಭಾಂಗಣದಲ್ಲಿ ನಿಂತು ಎಲ್ಲರಿಗೂ ಒಟ್ಟಿಗೆ ಉತ್ತರ ಕೊಟ್ಟರು. ಇಂಗ್ಲಿಷಿನಲ್ಲಿ ಮಾತನಾಡಿದ ಆ ಹುಡುಗಿಗೆ ಹದಿನೆಂಟು ತುಂಬಲು ಇನ್ನೂ ಒಂದು ತಿಂಗಳಿತ್ತು.

ಜನ ತಮ್ಮನ್ನು ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ಅವರೇ ಮುಂದಿಟ್ಟರು. ಅಮೆರಿಕಕ್ಕೆ ಹೋಗುವುದೇಕೆ? ಭಾರತದಲ್ಲೇ ಕಲಿಯಲಾಗದೆ? ಒಂಟಿಯಾಗಿ ಏಕೆ? ಮರಳಿದಾಗ ಜಾತಿಯಿಂದ ಹೊರಹಾಕುವುದಿಲ್ಲವೆ? ಅಲ್ಲಿ ಆಪತ್ತು ಬಂದರೇನು ಗತಿ? ಬೇರೆ ಯಾವ ಹೆಣ್ಣೂ ಮಾಡದ್ದನ್ನು ನೀನೇಕೆ ಮಾಡಬೇಕು?

ಒಂದೊಂದಕ್ಕೂ ಉತ್ತರವಿತ್ತು. ದೇಶಕ್ಕೆ ವೈದ್ಯೆಯರ ಕೊರತೆ ಎಷ್ಟಿದೆಯೆಂದು ವಿವರಿಸಿದರು. ಇಲ್ಲಿ ಹೆಂಗಸರಿಗೆ ದೊರೆಯುತ್ತಿದ್ದ ವೈದ್ಯಕೀಯ ಬೋಧನೆ ಸಾಲದೆಂದೂ, ಬೀದಿಯಲ್ಲಿ ನಡೆದು ಪಾಠಕ್ಕೆ ಹೋಗುವ ಹೆಣ್ಣು ಎಂಥ ಹೀಯಾಳಿಕೆಗೆ ಗುರಿಯಾಗುತ್ತಾಳೆಂದೂ ತಮ್ಮ ಅನುಭವದಿಂದಲೇ ಹೇಳಿದರು. ಬಹಿಷ್ಕಾರದ ಪ್ರಶ್ನೆಗೆ ಅವರ ಉತ್ತರ ನೇರವಾಗಿತ್ತು. ಅಲ್ಲಿಯೂ ಇಲ್ಲಿನಂತೆಯೇ ಉಣ್ಣುವೆ, ಉಡುವೆ, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುವೆ, ಹೊರಹಾಕಬೇಕೆನ್ನುವವರು ಈಗಲೇ ಹೊರಹಾಕಲಿ ಎಂಬುದು ಅದರ ತಾತ್ಪರ್ಯ. ಕೊನೆಯ ಪ್ರಶ್ನೆಗೆ ಪುರಾಣದ ತ್ಯಾಗಿಗಳನ್ನು ನೆನಪಿಸಿ, ಸಮಾಜದ ಋಣ ತೀರಿಸುವುದು ಪ್ರತಿಯೊಬ್ಬರ ಕರ್ತವ್ಯವೆಂದರು. ಭಾಷಣದ ವರದಿ ಪತ್ರಿಕೆಗಳಲ್ಲಿ ಬಂದಿತು. ದೇಶದ ಹಲವೆಡೆಯಿಂದ ದೇಣಿಗೆ ಹರಿದುಬಂದಿತು.

ಭಾರತದಲ್ಲೇ ಕಲಿಯಬಹುದಿತ್ತಲ್ಲವೆ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಮದ್ರಾಸ್ ವೈದ್ಯಕೀಯ ಕಾಲೇಜು 1875ರಲ್ಲೇ ಮಹಿಳೆಯರನ್ನು ಸೇರಿಸಿಕೊಂಡಿತ್ತು. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಕಾದಂಬಿನಿ ಗಂಗೂಲಿ ಓದಿ 1886ರಲ್ಲಿ ವೈದ್ಯೆಯಾದರು. ಆದರೆ ಕಾದಂಬಿನಿ ಕಾಲೇಜಿನಿಂದ ಪದವಿ ಪಡೆದು ಬಂದವರು. ಪರೀಕ್ಷೆಯನ್ನೇ ಕಾಣದ ಆನಂದಿಬಾಯಿಗೆ ಆ ಬಾಗಿಲು ತೆರೆಯುವುದು ಸುಲಭವಿರಲಿಲ್ಲ. ಗಂಡಸರ ನಡುವೆ ಕುಳಿತು ಕಲಿಯದೆ, ಮಹಿಳೆಯರಿಗಾಗಿಯೇ ಇದ್ದ ಕಾಲೇಜಿನಲ್ಲಿ ಪೂರ್ಣ ಪದವಿ ಪಡೆಯುವ ಮಾರ್ಗ ಫಿಲಡೆಲ್ಫಿಯಾದಲ್ಲಿತ್ತು.

ಎರಡನೆಯ ಅರ್ಜಿ

1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಪರಿಚಿತ ವೈದ್ಯ ದಂಪತಿಗಳ ಬಳಗದ ಇಂಗ್ಲಿಷ್ ಮಹಿಳೆಯರು ಜೊತೆಗಿದ್ದರು. ಕುಟುಂಬದವರು ಯಾರೂ ಇರಲಿಲ್ಲ. ಸುಮಾರು ಎರಡು ತಿಂಗಳ ಪ್ರಯಾಣದ ನಂತರ ಜೂನ್ 4ರಂದು ನ್ಯೂಯಾರ್ಕ್‌ನಲ್ಲಿ ಇಳಿದಾಗ ಥಿಯೊಡಿಷಿಯಾ ಕಾರ್ಪೆಂಟರ್ ಕಾದಿದ್ದರು. ವರ್ಷಗಳ ಕಾಲ ಅಕ್ಷರದಲ್ಲಷ್ಟೇ ಕಂಡಿದ್ದ ಇಬ್ಬರೂ ಅಂದು ಮೊದಲ ಬಾರಿ ಮುಖಾಮುಖಿಯಾದರು. ಆ ಬೇಸಿಗೆಯನ್ನು ಆನಂದಿಬಾಯಿ ರೊಸೆಲ್‌ನಲ್ಲಿ ಅವರ ಮನೆಮಗಳಾಗಿ ಕಳೆದರು.

ಪ್ರವೇಶ ಖಚಿತವಾಗುವ ಮೊದಲೇ ಅವರು ಸಮುದ್ರ ದಾಟಿ ಬಂದಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಇಂದಿನಂತೆ ಸೀಟು ಸಿಕ್ಕ ಪತ್ರವನ್ನು ತೋರಿಸಿ ವೀಸಾ ಪಡೆಯುವ ಕ್ರಮ ಆಗ ಇರಲಿಲ್ಲ. ಕಾಲೇಜು ಒಲ್ಲೆನೆಂದರೆ ದೇಶವೆಲ್ಲ ನೋಡುತ್ತಿರುವಾಗ ಬರಿಗೈಯಲ್ಲಿ ಮರಳಬೇಕಿತ್ತು. ಜೂನ್ 28ರ ಅರ್ಜಿಯ ಹಿಂದೆ ಈ ಭಾರವೆಲ್ಲ ಇತ್ತು.

ಕಾಲೇಜಿನ ಆಡಳಿತ ಸಮಿತಿಯ ಕಾರ್ಯದರ್ಶಿ ಆಲ್ಫ್ರೆಡ್ ಜೋನ್ಸ್ ಅವರಿಗೆ ಬರೆದ ಆ ಪತ್ರದಲ್ಲಿ ಆನಂದಿಬಾಯಿ ತಮ್ಮ ಕೊರತೆಯನ್ನು ಮುಚ್ಚಿಡಲಿಲ್ಲ. ಪ್ರವೇಶಕ್ಕೆ ಬೇಕಾದ ಎಲ್ಲ ಅರ್ಹತೆಗಳೂ ತಮಗಿವೆಯೋ ಇಲ್ಲವೋ ಹೇಳಲಾರೆನೆಂದು ಒಪ್ಪಿಕೊಂಡರು. ಸ್ನೇಹಿತರ ಮತ್ತು ಜಾತಿಯವರ ಒಗ್ಗಟ್ಟಿನ ವಿರೋಧವನ್ನು ಎದುರಿಸಿ ತಮ್ಮನ್ನು ಅಲ್ಲಿಯವರೆಗೆ ತಂದ ಸಂಕಲ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕೋರಿದರು. ಗಂಡು ವೈದ್ಯನ ಕೈಯಿಂದ ಚಿಕಿತ್ಸೆ ಪಡೆಯುವುದಕ್ಕಿಂತ ಸಾಯಲು ಸಿದ್ಧರಿರುವ ತಮ್ಮ ದೇಶದ ಹೆಣ್ಣುಮಕ್ಕಳಿಗೆ ನೆರವಾಗುವುದೇ ತಮ್ಮ ಉದ್ದೇಶವೆಂದು ಬರೆದರು. ಗಂಡನಿಗೆ ಉದ್ಯೋಗ ಬೇಕೆಂಬ ಮಾತು ಇದರಲ್ಲಿರಲಿಲ್ಲ. ಮತದ ಬಗ್ಗೆ ಚೌಕಾಸಿಯೂ ಇರಲಿಲ್ಲ. ಮೊದಲ ಅರ್ಜಿ ಆಸರೆಯನ್ನು ಬೇಡಿತ್ತು. ಇದು ಕೆಲಸವೊಂದನ್ನು ಮಾಡಲು ಬೇಕಾದ ವಿದ್ಯೆಯನ್ನು ಕೇಳಿತು.

ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಪ್ರವೇಶ ನೀಡಿದರು. ವ್ಯಾಸಂಗಕ್ಕೆ ಸ್ಕಾಲರ್‌ಶಿಪ್ ಕೂಡ ದೊರೆಯಿತು.

ಹೊರಗಿನವರಿಗೆ ತೆರೆದ ಬಾಗಿಲು

ಈ ಕಾಲೇಜಿನ ಹಿನ್ನೆಲೆ ತಿಳಿದರೆ ಆ ನಿರ್ಧಾರ ಅಚ್ಚರಿ ಎನಿಸದು. 1850ರಲ್ಲಿ ಸ್ಥಾಪನೆಯಾದ ಇದು ಮಹಿಳೆಯರಿಗೆ ವೈದ್ಯ ಪದವಿ ನೀಡಲೆಂದೇ ಹುಟ್ಟಿದ ಜಗತ್ತಿನ ಮೊದಲ ಸಂಸ್ಥೆಗಳಲ್ಲಿ ಒಂದು. ಅಮೆರಿಕದ ಇತರ ವೈದ್ಯಕೀಯ ಕಾಲೇಜುಗಳು ಹೆಣ್ಣನ್ನು ಒಳಗೆ ಬಿಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ತಲೆಯೆತ್ತಿದ್ದು. ಡೀನ್ ಬಾಡ್ಲಿ ಸ್ವತಃ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. 1874ರಿಂದ 1888ರಲ್ಲಿ ತೀರಿಕೊಳ್ಳುವವರೆಗೆ ಡೀನ್ ಆಗಿದ್ದರು.

ಆಫ್ರಿಕನ್ ಅಮೆರಿಕನ್ ಸಮುದಾಯದ ರೆಬೆಕ್ಕಾ ಕೋಲ್ 1867ರಲ್ಲಿ ಇಲ್ಲಿಂದಲೇ ವೈದ್ಯೆಯಾದರು. ಅಮೆರಿಕದ ಮೂಲನಿವಾಸಿ ಜನಾಂಗದ ಸುಸಾನ್ ಲಾ ಫ್ಲೆಶ್ 1889ರಲ್ಲಿ ಪದವಿ ಪಡೆದದ್ದೂ ಇಲ್ಲಿಯೇ. ಜಪಾನಿನ ಕೇಯಿ ಒಕಾಮಿ 1889ರಲ್ಲಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ 1890ರಲ್ಲಿ ಪದವೀಧರರಾದರು. 1885ರ ಅಕ್ಟೋಬರ್ 10ರಂದು ತೆಗೆದ ಒಂದು ಛಾಯಾಚಿತ್ರದಲ್ಲಿ ಆನಂದಿಬಾಯಿ, ಒಕಾಮಿ, ಇಸ್ಲಾಂಬೂಲಿ ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ಜೊತೆಯಾಗಿ ಕುಳಿತಿದ್ದಾರೆ. ಆನಂದಿಬಾಯಿ ಉಟ್ಟಿರುವುದು ಸೀರೆ. ವಿದೇಶಿ ವಿದ್ಯಾರ್ಥಿನಿಯರ ಇತಿಹಾಸ ಬರೆಯುವವರು ಇಂದಿಗೂ ಮೊದಲು ಹುಡುಕುವ ಚಿತ್ರಗಳಲ್ಲಿ ಇದೊಂದು.

ಮೂರು ಚಳಿಗಾಲಗಳು

1883ರ ಶರತ್ಕಾಲದಲ್ಲಿ ತರಗತಿಗಳು ಆರಂಭವಾದವು. ಶ್ರೀರಾಂಪುರದಲ್ಲಿ ಕೊಟ್ಟ ಮಾತನ್ನು ಆನಂದಿಬಾಯಿ ಅಕ್ಷರಶಃ ಪಾಲಿಸಿದರು. ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ. ಸಮಾಜ ಮರಳಿ ಸ್ವೀಕರಿಸಬೇಕು, ಮರಳಿದ ವೈದ್ಯೆಯನ್ನು ಹೆಂಗಸರು ತಮ್ಮವಳೆಂದು ನಂಬಬೇಕು ಎಂದರೆ ಇದು ಅನಿವಾರ್ಯವೆಂದು ಅವರು ತಿಳಿದಿದ್ದರು.

ಪೆನ್ಸಿಲ್ವೇನಿಯಾದ ಚಳಿಗೆ ಈ ಲೆಕ್ಕಾಚಾರ ತಿಳಿಯಲಿಲ್ಲ. ಹಿಮ ಬೀಳುವ ಊರಿನಲ್ಲಿ ಹತ್ತಿಯ ಬಟ್ಟೆಗೆ ಒಗ್ಗಿದ ದೇಹ. ಅಲ್ಲಿನ ಊಟದಲ್ಲಿ ತಾನು ತಿನ್ನಬಹುದಾದದ್ದು ಸ್ವಲ್ಪವೇ. ಅದರ ಮೇಲೆ ವೈದ್ಯಕೀಯ ವ್ಯಾಸಂಗದ ಬಿಡುವಿಲ್ಲದ ದುಡಿಮೆ. ಕಲ್ಕತ್ತೆಯಿಂದಲೇ ಹಿಂಬಾಲಿಸಿದ್ದ ಅನಾರೋಗ್ಯ ಉಲ್ಬಣಿಸಿ ಕ್ಷಯವಾಗಿ ತಿರುಗಿತು. ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕೋಕ್ 1882ರಲ್ಲಷ್ಟೇ ಗುರುತಿಸಿದ್ದರು. ಅದಕ್ಕೆ ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ತಾವು ಕಲಿಯುತ್ತಿದ್ದ ವೈದ್ಯಶಾಸ್ತ್ರದಲ್ಲೇ ತಮ್ಮ ಕಾಯಿಲೆಗೆ ಮದ್ದಿರಲಿಲ್ಲ.

ಊರಿನಿಂದ ಬರುವ ಪತ್ರಗಳೂ ಯಾವಾಗಲೂ ಸಾಂತ್ವನ ತರುತ್ತಿರಲಿಲ್ಲ. ಕಳುಹಿಸಿಕೊಟ್ಟ ಗಂಡನೇ ದೂರದಿಂದ ಸಂಶಯ, ಸಿಡುಕು, ಆಕ್ಷೇಪಗಳನ್ನು ಬರೆಯುತ್ತಿದ್ದರು. ವ್ಯಾಸಂಗದ ಕೊನೆಯ ಹಂತದಲ್ಲಿ ಗೋಪಾಲರಾವ್ ತಾವೂ ಅಮೆರಿಕ ತಲುಪಿದರು. ತಮ್ಮ ನೆರಳಿನಿಂದ ಹೊರಬಂದು ತನ್ನದೇ ಹೆಸರು ಗಳಿಸಿದ್ದ ಹೆಂಡತಿಯನ್ನು ಅಲ್ಲಿ ಕಂಡರು.

ಎಂ.ಡಿ. ಪದವಿ

ಪದವಿಗಾಗಿ ಆನಂದಿಬಾಯಿ ಬರೆದ ಪ್ರಬಂಧದ ವಿಷಯ, ಆರ್ಯ ಹಿಂದೂಗಳಲ್ಲಿ ಪ್ರಸೂತಿ ವಿಜ್ಞಾನ. ಆಯುರ್ವೇದದ ಗ್ರಂಥಗಳನ್ನೂ ಅಮೆರಿಕದ ಪಠ್ಯಗಳನ್ನೂ ಆಧರಿಸಿ ಅದನ್ನು ರಚಿಸಿದರು. ಹತ್ತು ದಿನದ ಮಗುವನ್ನು ಕಳೆದುಕೊಂಡ ತಾಯಿ ಹೆರಿಗೆಯ ಶಾಸ್ತ್ರವನ್ನೇ ತನ್ನ ಪ್ರಬಂಧಕ್ಕೆ ಆರಿಸಿಕೊಂಡಿದ್ದರು.

1886ರ ಮಾರ್ಚ್ 11ರಂದು ಪದವಿ ಪ್ರದಾನ ನಡೆಯಿತು. ಆ ಸಮಾರಂಭಕ್ಕೆಂದು ಇಂಗ್ಲೆಂಡಿನಿಂದ ಬಂದಿದ್ದ ಅತಿಥಿ ಪಂಡಿತಾ ರಮಾಬಾಯಿ. ಆನಂದಿಬಾಯಿಗೆ ಸಂಬಂಧದಲ್ಲೂ ಹತ್ತಿರದವರು. 1858ರಲ್ಲಿ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ರಮಾಬಾಯಿ, ಹೆಣ್ಣಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸಮಾಜದ ವಿರೋಧ ಕಟ್ಟಿಕೊಂಡ ತಂದೆಯ ಮಗಳು. ಪದವಿ ಪ್ರದಾನಕ್ಕೆಂದು ಬಂದ ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲೇ ಉಳಿದು ಭಾರತದ ವಿಧವೆಯರ ಶಿಕ್ಷಣಕ್ಕಾಗಿ ನೆರವು ಕೂಡಿಸಿದರು. ಅಲ್ಲಿ ಅವರು ಪ್ರಕಟಿಸಿದ ಮೇಲ್ಜಾತಿಯ ಹಿಂದೂ ಮಹಿಳೆಯರ ಕುರಿತ ಪುಸ್ತಕಕ್ಕೆ ಮುನ್ನುಡಿ ಬರೆದವರು ಡೀನ್ ಬಾಡ್ಲಿ. ತಮ್ಮ ಶಿಷ್ಯೆಯನ್ನು ಅವರು ಆ ಮುನ್ನುಡಿಯಲ್ಲಿ ನೆನೆದಿದ್ದಾರೆ.

ವಿಕ್ಟೋರಿಯಾ ರಾಣಿಗೂ ಈ ಪದವಿಯ ಸುದ್ದಿ ತಲುಪಿತು, ಅಭಿನಂದನೆಯ ಸಂದೇಶ ಬಂದಿತು. ಕೊಲ್ಹಾಪುರ ಸಂಸ್ಥಾನವು ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಮುಖ್ಯಸ್ಥೆಯಾಗಿ ಅವರನ್ನು ನೇಮಿಸಿತು. ಗಂಡ ಮೊದಲ ಅರ್ಜಿ ಬರೆದ ಊರೇ ಈಗ ಹೆಂಡತಿಯನ್ನು ವೈದ್ಯೆಯಾಗಿ ಕರೆಯಿತು. ಭಾರತದಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಕಾಲೇಜೊಂದನ್ನು ತೆರೆಯಬೇಕೆಂಬ ಕನಸೂ ಅವರಲ್ಲಿತ್ತು.

ಮರಳಿ ಬಂದದ್ದು

1886ರ ಅಕ್ಟೋಬರ್‌ನಲ್ಲಿ ಪತಿಯೊಡನೆ ಅಮೆರಿಕ ಬಿಟ್ಟ ಆನಂದಿಬಾಯಿ ನವೆಂಬರ್‌ನಲ್ಲಿ ಮುಂಬಯಿ ಸೇರಿದರು. ಹೋಗುವಾಗ ಕಲ್ಲು ಎಸೆಯಲು ಸಿದ್ಧವಾಗಿದ್ದ ಸಮಾಜ ಬರುವಾಗ ಹಾರ ಹಿಡಿದು ನಿಂತಿತು. ಬಹಿಷ್ಕಾರದ ಮಾತು ಅಡಗಿತ್ತು. ಆದರೆ ಸನ್ಮಾನ ಸ್ವೀಕರಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕ್ಷಯ ದೇಹವನ್ನು ಪೂರ್ತಿ ತಿಂದಿತ್ತು. ಚಿಕಿತ್ಸೆಗೆಂದು ಪುಣೆಯಲ್ಲಿ ಉಳಿದರು. ಕೊಲ್ಹಾಪುರದ ಆಸ್ಪತ್ರೆಯ ಹೊಣೆಯನ್ನು ವಹಿಸಿಕೊಳ್ಳುವುದು ಸಾಧ್ಯವಾಗಲೇ ಇಲ್ಲ.

1887ರ ಫೆಬ್ರವರಿ 26ರಂದು ಆನಂದಿಬಾಯಿ ಪುಣೆಯಲ್ಲಿ ಕೊನೆಯುಸಿರೆಳೆದರು. ಇಪ್ಪತ್ತೆರಡು ತುಂಬಲು ಒಂದು ತಿಂಗಳಷ್ಟೇ ಉಳಿದಿತ್ತು. ಶ್ರೀರಾಂಪುರದ ವೇದಿಕೆಯ ಮೇಲೆ ನಿಂತು ಆರು ಪ್ರಶ್ನೆಗಳಿಗೆ ಉತ್ತರಿಸಿ ಸರಿಯಾಗಿ ನಾಲ್ಕು ವರ್ಷ ಎರಡು ದಿನಗಳಾಗಿದ್ದವು.

ಅವರ ಚಿತಾಭಸ್ಮವನ್ನು ಅಮೆರಿಕದ ಥಿಯೊಡಿಷಿಯಾ ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪುಕೀಪ್ಸಿಯಲ್ಲಿರುವ ತಮ್ಮ ಕುಟುಂಬದ ಸ್ಮಶಾನದಲ್ಲಿ ಅವರು ಅದನ್ನು ಇರಿಸಿದರು. ಶಿಕ್ಷಣಕ್ಕಾಗಿ ಭಾರತವನ್ನು ಬಿಟ್ಟು ಹೊರಟ ಮೊದಲ ಬ್ರಾಹ್ಮಣ ಮಹಿಳೆ ಎಂದು ಅಲ್ಲಿನ ಶಿಲೆ ಅವರನ್ನು ನೆನೆಯುತ್ತದೆ. ಹಿಂದೂವಾಗಿಯೇ ಮರಳುವೆನೆಂದು ಹಟ ಹಿಡಿದು ಮರಳಿದವರ ಭಸ್ಮಕ್ಕೆ ಕಾರ್ಪೆಂಟರ್ ಕುಟುಂಬ ತನ್ನವರ ನಡುವೆ ಜಾಗ ಕೊಟ್ಟಿತು.

ಉಳಿದದ್ದು

ಮರಣದ ಮರುವರ್ಷ, 1888ರಲ್ಲಿ, ಅಮೆರಿಕದ ಲೇಖಕಿ ಕ್ಯಾರೊಲಿನ್ ಹೀಲಿ ಡಾಲ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಮರಾಠಿಯಲ್ಲಿ ಕಾಶೀಬಾಯಿ ಕಾನಿಟ್ಕರ್ ಅವರ ಪತ್ರಗಳನ್ನು ಆಧರಿಸಿ ಚರಿತ್ರೆ ಬರೆದರು. ಎಸ್.ಜೆ. ಜೋಶಿಯವರ ಮರಾಠಿ ಕಾದಂಬರಿ ಆನಂದಿ ಗೋಪಾಳ್ 1968ರಲ್ಲಿ ಬಂದಿತು. ಅದೇ ಹೆಸರಿನ ಮರಾಠಿ ಚಲನಚಿತ್ರ 2019ರಲ್ಲಿ ತೆರೆ ಕಂಡಿತು. ಶುಕ್ರಗ್ರಹದ ಒಂದು ಕುಳಿಗೂ ಅವರ ಹೆಸರಿಟ್ಟಿದ್ದಾರೆ.

ಒಬ್ಬ ರೋಗಿಯನ್ನೂ ತನ್ನ ಆಸ್ಪತ್ರೆಯಲ್ಲಿ ನೋಡದೆ ಹೋದ ವೈದ್ಯೆಯ ಬದುಕನ್ನು ಸಾಧನೆ ಎನ್ನಬಹುದೆ ಎಂಬ ಪ್ರಶ್ನೆ ಸಹಜ. ಅವರು ಹೋದ ದಾರಿಯಲ್ಲೇ ಉತ್ತರವಿದೆ. ಅದೇ ಫಿಲಡೆಲ್ಫಿಯಾ ಕಾಲೇಜಿನಿಂದ ಗುರುಬಾಯಿ ಕರ್ಮರ್ಕರ್ 1892ರಲ್ಲಿ ಪದವಿ ಪಡೆದು ಮುಂಬಯಿಯಲ್ಲಿ ದೀರ್ಘಕಾಲ ವೈದ್ಯೆಯಾಗಿ ದುಡಿದರು. ಲಂಡನ್ನಿನಲ್ಲಿ ಓದಿ 1890ರ ದಶಕದಲ್ಲಿ ಮರಳಿದ ರಖ್ಮಾಬಾಯಿ ಸೂರತ್, ರಾಜಕೋಟ್‌ಗಳಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದರು. ಹೆಣ್ಣೊಬ್ಬಳು ಕಡಲು ದಾಟಿ, ವೈದ್ಯೆಯಾಗಿ, ತನ್ನವಳಾಗಿಯೇ ಮರಳಬಹುದೆಂದು ಆ ವೇಳೆಗೆ ಜನರಿಗೆ ಗೊತ್ತಾಗಿತ್ತು.

ಆನಂದಿಬಾಯಿ ಓದಿದ ಕಾಲೇಜು ಹಲವು ರೂಪಾಂತರಗಳ ನಂತರ ಇಂದು ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಲೀನವಾಗಿದೆ. ಅದರ ಸಂಗ್ರಹಾಲಯದಲ್ಲಿ 1883ರ ಜೂನ್ 28ರ ಪತ್ರ ಸುರಕ್ಷಿತವಾಗಿದೆ. ಅಂಕಪಟ್ಟಿಯಲ್ಲಿ ತೋರಿಸಲು ಏನೂ ಇಲ್ಲದಿದ್ದ ಅರ್ಜಿದಾರಳೊಬ್ಬಳು ತನ್ನ ಕೊರತೆಯನ್ನೂ ಉದ್ದೇಶವನ್ನೂ ಒಂದೇ ಹಾಳೆಯ ಮೇಲೆ ಪ್ರಾಮಾಣಿಕವಾಗಿ ಇಟ್ಟಳು. ಅದನ್ನು ಓದಿದವರು ಆ ಮಾತನ್ನು ನಂಬಿದರು.